ಸದ್ದಿಲ್ಲದ ಕಾರಿಗೆ ಗಿರಾಕಿಗಳು

ಹಳೆಯ ಕಾರು ಮಾರುತ್ತೇನೆಂದು ಒಮ್ಮೆ ಬಾಯಿಬಿಟ್ಟರೆ ಸಾಕು, ಆಮೇಲೆ ನಗುವ ಪ್ರಸಂಗಗಳು ತಾವಾಗಿಯೇ ಮನೆ ಹುಡುಕಿಕೊಂಡು ಬರುತ್ತವೆ.

ನಮ್ಮದು ಹೈಬ್ರಿಡ್. ಪೆಟ್ರೋಲಿನ ಜೊತೆಗೆ ಬ್ಯಾಟರಿಯಲ್ಲೂ ಓಡುತ್ತದೆ. ನಿಧಾನಕ್ಕೆ ಹೋಗುವಾಗ ಸದ್ದೇ ಇಲ್ಲ. ಆರಿಸಿದವಳು ನನ್ನ ಹೆಂಡತಿ. ಶಿರಸಿಯಿಂದ ಯಲ್ಲಾಪುರದ ಶಾಲೆಗೆ ಪಾಠ ಹೇಳಲು ದಿನಾ ಹೋಗಿಬರುತ್ತಿದ್ದಳು. "ನಿಂಗ ಮಾತಾಡ್ತ್ರಿಲ್ಲೆ, ಇದೂ ಮಾತಾಡ್ತಿಲ್ಲೆ. ಜೋಡಿ ಸರಿ ಆಗ್ತು" ಎಂದಿದ್ದಳು.

ಅವಳು ಹೋಗಿ ಎರಡು ವರ್ಷ. ಬ್ಯಾಟರಿಗೂ ವಯಸ್ಸಾಯಿತು. ಮಾರುವುದೋ ಇಟ್ಟುಕೊಳ್ಳುವುದೋ ತೀರ್ಮಾನವಾಗಿರಲಿಲ್ಲ. ಸೀಟು ಇನ್ನೂ ಅವಳ ಅಳತೆಗೇ ಇದೆ. ನನ್ನ ಮೊಣಕಾಲು ಸ್ಟೇರಿಂಗಿಗೆ ತಾಗುತ್ತದೆ. ತಾಗಲಿ ಎಂದು ಬಿಟ್ಟಿದ್ದೇನೆ.

ಗ್ಯಾರೇಜು

ಮಾರುವ ಮುಂಚೆ ಮೆಕ್ಯಾನಿಕ್‌ಗೆ ತೋರಿಸಿದೆ.

"ಕೆಟ್ಟಿದ್ದು ಪೆಟ್ರೋಲ್ ಕಡೆದೋ, ಕರೆಂಟ್ ಕಡೆದೋ ಸಾರ್?"

"ನನಗೆ ಹೇಗೆ ಗೊತ್ತು?"

"ಕರೆಂಟಾದ್ರೆ ನನ್ನ ತಮ್ಮನ್ನ ಕರೀತೆ. ಅವ ಫ್ರಿಜ್ ರಿಪೇರಿ ಮಾಡ್ತಾನೆ."

ತಮ್ಮ ಬಂದ. ಅಣ್ಣ ಕರೆಂಟೆಂದ, ತಮ್ಮ ಪೆಟ್ರೋಲೆಂದ. ಸಂಜೆಯ ಹೊತ್ತಿಗೆ ಕಾರು ಹಾಗೇ ಇತ್ತು. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು.

ಬನವಾಸಿ ಕಡೆಯವರು

ಮೊದಲ ಗಿರಾಕಿ ಬನವಾಸಿ ಕಡೆಯ ವ್ಯಾಪಾರಸ್ಥರು.

"ಚಾಲೂ ಮಾಡ್ರಿ."

"ಆಗಿದೆ."

ಎತ್ತಿನ ಉಸಿರು ನೋಡುವಂತೆ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದರು. ಒಂದು ಸುತ್ತು ಹೋಗಿಬಂದರು. ಎಲ್ಲ ಒಪ್ಪಿಗೆಯಾಯಿತು, ಆದರೂ ತಲೆಯಾಡಿಸಿದರು.

"ಬ್ಯಾಡ್ರಿ ಸರ. ನನ್ನ ಗಾಡಿ ಸಪ್ಪಳ ಓಣಿ ತುದೀಗೆ ಕೇಳಿದ್ಮ್ಯಾಲೇ ನಮ್ಮನಿಯಾಕಿ ರೊಟ್ಟಿ ತಟ್ಟಾಕ ಕುಂದರೋದು. ಇದನ್ನ ಒಯ್ದ್ರ ನಾ ಉಪಾಸ!"

ಭಾವ

ಹೆಂಡತಿಯ ಅಣ್ಣ, ನಂದೊಳ್ಳಿಯ ಭಾವ, ಮಾರು ಮಾರು ಎಂದು ಹಟ ಹಿಡಿದಿದ್ದ. ಒಂದು ದಿನ ಅವನ ಅಂಗಳಕ್ಕೆ ಕಾರು ಹೊಕ್ಕಿದ್ದು ಯಾರಿಗೂ ಕೇಳಲಿಲ್ಲ. ಜಗಲಿಯಲ್ಲಿ ಬೆನ್ನು ಹಾಕಿ ಕೂತು ಅವನು ಮನೆಯವರಿಗೆ ನನ್ನ ಸುದ್ದಿಯನ್ನೇ ಹೇಳುತ್ತಿದ್ದ. ನನಗೆ ಮಾತ್ರ ಎಲ್ಲ ಕೇಳಿತು.

"ಭಾವ ಅದ್ರೊಳಗೆ ಒಬ್ಬನೇ ಕೂತ್ಕಂಡು ಮಾತಾಡ್ತ, ಗೊತ್ತಿದ್ದ? ಮನೆಲಿ ಬಾಯಿ ಬಿಡದಿದ್ದಂವ!"

ಸುಳ್ಳಲ್ಲ. ಹಾರ್ನ್ ಹೊಡೆದೆ. ಬೆಚ್ಚಿ ತಿರುಗಿದ.

"ಬಾ ಭಾವ! ಈಗಷ್ಟೇ ನಿನ್ನ ಹೊಗಳಿದ್ದಾತು."

ಐವತ್ತೆಂಟು

ಕೊನೆಗೆ ಸಿದ್ದಾಪುರದ ಮೇಷ್ಟ್ರೊಬ್ಬರಿಗೆ ಕಾರು ಹಿಡಿಸಿತು. ಭಾನುವಾರ ಒಯ್ಯುತ್ತೇನೆ, ಕಾರಿನ ಪರದೆಯ ಮೇಲಿನ ಹಳೆಯ ಮೈಲೇಜ್ ಅಂಕಿಗಳನ್ನೆಲ್ಲ ಅಳಿಸಿಡಿ ಎಂದರು.

ಅದರಲ್ಲೊಂದು ಅವಳ ದಾಖಲೆ. ಯಲ್ಲಾಪುರದಿಂದ ಶಿರಸಿಗೆ ಬಂದ ಒಂದು ಸಂಜೆ, ಲೀಟರಿಗೆ ಐವತ್ತೆಂಟು ಕಿಲೋಮೀಟರು. "ಗಾಡಿ ಹೊಡೆಯಲೆ ಕೈ ಬೇಕು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ನಾನು ಇಪ್ಪತ್ತಾರು ದಾಟಿದವನಲ್ಲ.

ಅಳಿಸಲು ಬೆರಳು ಏಳಲಿಲ್ಲ. ನಾನೇ ಅದನ್ನು ಮೀರಿದರೆ ಅಂಕಿ ತಾನಾಗಿ ಹೋಗುತ್ತದಲ್ಲ ಎಂದುಕೊಂಡು ಅದೇ ದಾರಿಗೆ ಇಳಿದೆ. ಎ.ಸಿ. ಇಲ್ಲ, ಬ್ರೇಕ್ ಇಲ್ಲ. ಸೈಕಲ್ಲಿನವನೊಬ್ಬ ಹಿಂದೆ ಹಾಕಿ, ತಿರುಗಿ ನೋಡಿ, "ತಳ್ಳಬೇಕಾ?" ಎಂದ. ಬಂದದ್ದು ಇಪ್ಪತ್ತೇಳು.

ಭಾವನ ಮನೆಗೆ ಹೋಗಿ ಸೋಲು ಒಪ್ಪಿಕೊಂಡೆ. ಅವನು ನಗಲು ಶುರುಮಾಡಿದವನು ಕಣ್ಣು ಒರೆಸಿಕೊಂಡ.

"ಭಾವ, ತಂಗಿ ಆ ದಿನ ಕಾರು ಓಡಿಸಿದ್ದೇ ಅಲ್ಲ. ಕರೆಂಟಿದ್ದಲ, ಪೆಟ್ರೋಲು ಎಂತಕ್ಕೆ ಹೇಳಿ ಹಾಕ್ಸದ್ದೇ ಹೊಂಟು, ಮಂಚಿಕೇರಿ ಹತ್ರ ನಿಂತೇ ಹೋಗಿತ್ತು. ಆನು ಪಿಕಪ್ ತಗಂಡು ಹೋಗಿ, ಅಡಿಕೆ ಕೊನೆ ಕೊಯ್ಯೋ ಹಗ್ಗ ಕಟ್ಟಿ ಶಿರಸಿವರೆಗೂ ಎಳ್ದಿದ್ದು! ನಿಂಗೆ ಹೇಳಡ ಹೇಳಿ ದೇವ್ರ ಮುಂದೆ ಆಣೆ ಹಾಕ್ಸಿತ್ತು."

ಇಬ್ಬರೂ ಬಹಳ ಹೊತ್ತು ನಕ್ಕೆವು. ಇದೊಂದು ಮಾತು ಅವಳನ್ನೇ ಎದುರಿಗೆ ಕೂರಿಸಿಕೊಂಡು ಕೇಳಬೇಕಿತ್ತು ಎನ್ನಿಸಿ ನನ್ನ ನಗು ಮೊದಲು ನಿಂತಿತು.

ಅಂಗಳದಿಂದಲೇ ಮೇಷ್ಟ್ರಿಗೆ ಫೋನು ಮಾಡಿ, ಕಾರು ಕೊಡುವುದಿಲ್ಲ, ಕ್ಷಮಿಸಿ ಎಂದೆ.

"ಯಾಕೆ ಸಾರ್, ಏನಾಯ್ತು?"

"ಲೀಟರಿಗೆ ಐವತ್ತೆಂಟು ಕೊಟ್ಟ ಗಾಡಿ ಮೇಷ್ಟ್ರೇ. ಹೇಗೆ ಮಾರಲಿ?"

ಹಗ್ಗದ ವಿಷಯ ನಾನೂ ಹೇಳಲಿಲ್ಲ.