ಯೀಸ್ಟಿಗೂ ಒಂದು ಏಕಾದಶಿ

ಉಪವಾಸ ಮಾಡುವುದಕ್ಕಿಂತ ಉಪವಾಸ ಮಾಡಿದವರಂತೆ ಕಾಣಿಸಿಕೊಳ್ಳುವುದು ಕಷ್ಟ. ಇದು ಹನ್ನೊಂದು ವರ್ಷದ ಅನುಭವದಿಂದ ಹೇಳುವ ಮಾತು. ಮದುವೆಯಾಗಿ ಸಿಂದಗಿಗೆ ಬಂದ ಮೇಲಿನ ಮೊದಲ ಏಕಾದಶಿಯಂದು ನಮ್ಮ ಅತ್ತೆ, "ಇವತ್ತ ನಮ್ಮ ಮನ್ಯಾಗ ಒಲಿ ಹಚ್ಚೂದಿಲ್ಲವಾ" ಎಂದರು. ನಾನು ವಿಧೇಯಳಾಗಿ ತಲೆಯಾಡಿಸಿದೆ. ಮಧ್ಯಾಹ್ನ ನಾನು ಪಾಠ ಹೇಳುವ ಕಾಲೇಜಿನ ಹಿಂದಿನ ಗಾಡಿಯ ಮುಂದೆ ನಿಂತು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದೆ. ಆಮೇಲೆ ಎರಡು ಏಲಕ್ಕಿ ಜಗಿದು, ಮನೆ ಹತ್ತಿರ ಬಂದಂತೆ ಮುಖ ಬಾಡಿಸಿಕೊಂಡು, ದನಿ ಇಳಿಸಿಕೊಂಡು ಒಳಗೆ ಬಂದೆ. "ಪಾಪ, ದಣದೀ" ಎಂದು ಅತ್ತೆ ಮರುಗಿದರು. ಅಲ್ಲಿಂದ ಮುಂದೆ ತಿಂಗಳಿಗೆ ಎರಡು ಸಲ ಇದೇ ನಾಟಕ. ಏಕಾದಶಿ ರಜೆಯ ದಿನ ಬಂದರೆ ಮಾತ್ರ ಮುದ್ದೇಬಿಹಾಳದ ತವರುಮನೆಯ ನೆನಪು ತಪ್ಪದೆ ಉಕ್ಕಿ ಬರುತ್ತಿತ್ತು. ತವರಿನಲ್ಲಿ ಪಂಚಾಂಗವನ್ನು ಅಷ್ಟಾಗಿ ಯಾರೂ ನೋಡುವುದಿಲ್ಲ.

ಈ ಪಾಪ ಹೊರಗೆ ಬಿದ್ದದ್ದು ಯೀಸ್ಟಿನಿಂದ. ಪಾವು, ಬ್ರೆಡ್ಡುಗಳನ್ನು ಉಬ್ಬಿಸುವ ಯೀಸ್ಟಿನ ಮೇಲೆ ನಾನು ಆರು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದೇನೆ. "ಮಾಡುತ್ತಿದ್ದೇನೆ" ಎಂಬ ಪದವನ್ನು ಆರು ವರ್ಷ ಬಳಸಿದರೆ ಜನ ಕೇಳುವುದನ್ನೇ ಬಿಡುತ್ತಾರೆ, ಅದೊಂದು ಅನುಕೂಲ. ಯೀಸ್ಟಿನ ಒಂದು ಜೀವಕಣದಲ್ಲಿ ಹದಿನಾರು ವರ್ಣತಂತುಗಳಿರುತ್ತವೆ. ಕಣ ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬ ಆಜ್ಞೆಗಳೆಲ್ಲ ಅವುಗಳಲ್ಲಿ. ಕಣ ಎರಡಾಗುವಾಗ ಕೆಲವೊಮ್ಮೆ ಲೆಕ್ಕ ತಪ್ಪಿ ಒಂದಕ್ಕೆ ಹದಿನೇಳು ಬಂದುಬಿಡುತ್ತವೆ. ಅಂಥ ಕಣ ಕಷ್ಟಕಾಲದಲ್ಲಿ ಹೇಗೆ ಬದುಕುತ್ತದೆ ಎಂಬುದೇ ನನ್ನ ವಿಷಯ. ಅತ್ತೆಗೆ ಇದನ್ನು ತಿಳಿಸಿ ಹೇಳುವಾಗ, "ತುಂಬಿದ ಮನಿಗೆ ಇನ್ನೊಬ್ಬಾಕಿ ಸೊಸಿ ಬಂದಂಗರೀ ಅತ್ಯಾ, ಒಂದ ಅಡಿಗಿ ಎರಡು ಸಲ ಆಗ್ತದ" ಎಂದೆ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿದ್ದದ್ದು ಇನ್ನೊಬ್ಬರು ಅತ್ತೆ.

ವಿಜಯಪುರದಲ್ಲಿರುವ ನನ್ನ ಮಾರ್ಗದರ್ಶಕರು ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಮೇಡಂ, ಹದಿನಾರಕ್ಕೂ ಹದಿನೇಳಕ್ಕೂ ಎದ್ದು ಕಾಣೂ ಅಂಥಾ ಫರಕ್ ಒಂದು ತೋರಸ್ರಿ. ಈ ವರ್ಷ ಆಗಲಿಲ್ಲಂದ್ರ ನಿಮ್ಮ ನೋಂದಣಿ ರದ್ದಾಗ್ತದ." ನಾನು ಹಟ ಹಿಡಿದು ಕುಳಿತೆ. ಯೀಸ್ಟಿಗೆ ಸೆಖೆ ಕೊಟ್ಟೆ, ಉಪ್ಪು ಕೊಟ್ಟೆ. ಹದಿನೇಳರವು ಒಂದಿಷ್ಟು ನಿಧಾನಿಸಿದವು, ಅಷ್ಟೇ. ಸಿಂದಗಿಯ ನೀರು ಕುಡಿದ ಮೇಲೆ ಯಾರೂ ಸುಲಭಕ್ಕೆ ಬಗ್ಗುವುದಿಲ್ಲವೇನೋ! ಬೇಸಿಗೆ ರಜೆಗೆ ಕಾಲೇಜಿಗೆ ಬೀಗ ಬಿದ್ದಾಗ ಪ್ರಾಚಾರ್ಯರ ಕೈಕಾಲು ಹಿಡಿದು ಟ್ಯೂಬುಗಳನ್ನೂ ಅವನ್ನು ಹದವಾದ ಶಾಖದಲ್ಲಿಡುವ ಪೆಟ್ಟಿಗೆಯನ್ನೂ ಮನೆಗೆ ಹೊತ್ತು ತಂದೆ. ಬಿಡುವ ಮಾತೇ ಇರಲಿಲ್ಲ.

ಮನೆಯಲ್ಲಿ ಯುದ್ಧವಾಗುತ್ತದೆ ಎಂದುಕೊಂಡಿದ್ದೆ. ಎಪ್ಪತ್ತನಾಲ್ಕು ವರ್ಷದ ಅತ್ತೆ ಜೀವನದಲ್ಲಿ ಪಾವು ಮುಟ್ಟಿದವರಲ್ಲ. ಆದರೆ ಎರಡು ದಿನ ಬಾಗಿಲಲ್ಲಿ ನಿಂತು ನನ್ನ ಕೆಲಸ ನೋಡಿದರು. ಪ್ರತಿದಿನ ಹಳೆಯ ಟ್ಯೂಬಿನಿಂದ ಒಂದು ಹನಿ ತೆಗೆದು ಸಕ್ಕರೆ ಬೆರೆತ ಹೊಸ ದ್ರಾವಣಕ್ಕೆ ಹಾಕಬೇಕು. ಕೈ ತೊಳೆದಿರಬೇಕು, ಉರಿಯುವ ದೀಪದ ಹತ್ತಿರವೇ ಮಾಡಬೇಕು, ಮಾತಾಡಬಾರದು, ಅಲ್ಲಿ ಇಲ್ಲಿ ಮುಟ್ಟಬಾರದು. ಮೂರನೆಯ ದಿನ ಅತ್ತೆ, "ಇದು ಮಡೀನ ಅಲ್ಲೇನವಾ ವನಜಾ? ನೀ ಈಗ ಸೆರಗು ಮುಟ್ಟಿದಿ. ತೆಗಿ, ಇನ್ನೊಮ್ಮಿ ಕೈ ತೊಳಕೋ" ಎಂದರು. ಎಂ.ಎಸ್‌ಸಿ. ಹುಡುಗಿಯರಿಗೆ ವರ್ಷಗಟ್ಟಲೆ ಹೇಳಿದರೂ ಬಾರದ ಶಿಸ್ತು ಅವರಿಗೆ ಒಂದೇ ವಾರದಲ್ಲಿ ಕೈವಶವಾಯಿತು. ಅವರು ಹನಿ ಹಾಕಿದ ಟ್ಯೂಬಿನಲ್ಲಿ ಒಂದು ದಿನವೂ ಬೂಷ್ಟು ಕಾಣಲಿಲ್ಲ. ನನ್ನವುಗಳಲ್ಲಿ ಆಗಾಗ ಕಾಣುತ್ತಿತ್ತು.

ಹೀಗಿರುವಾಗ ನನಗೆ ಬಸವನ ಬಾಗೇವಾಡಿಯಲ್ಲಿ ಮೂರು ದಿನ ಉತ್ತರಪತ್ರಿಕೆ ನೋಡುವ ಕೆಲಸ ಬಂತು. ಯಜಮಾನರು ದಿನಾ ಇಂಡಿಗೆ ಹೋಗಿ ಬರುವ ನೌಕರಿಯವರು, ಅಂಗಳದ ತುಳಸಿಗೆ ನೀರು ಹಾಕಲೂ ಅವರಿಗೆ ನೆನಪಾಗುವುದಿಲ್ಲ. ಹಾಗಾಗಿ ಯೀಸ್ಟನ್ನು ಧೈರ್ಯವಾಗಿ ಅತ್ತೆಗೆ ಒಪ್ಪಿಸಿ ಹೊರಟೆ. ಮೂರನೆಯ ದಿನ ಸಂಜೆ ಮರಳಿ ಬಂದು ಚಪ್ಪಲಿ ಬಿಟ್ಟವಳೇ ಪೆಟ್ಟಿಗೆ ತೆರೆದೆ. ಹದಿನೇಳರ ಟ್ಯೂಬುಗಳು ಕುಡಿಯುವ ನೀರಿನಷ್ಟು ತಿಳಿಯಾಗಿ ನಿಂತಿದ್ದವು. ಬೆಳೆದಿದ್ದರೆ ಮಜ್ಜಿಗೆಯಂತೆ ಕದಡಿರಬೇಕಿತ್ತು.

"ಅತ್ಯಾ, ಏನ್ ಹಾಕಿದ್ರಿ ಇವಕ್ಕ?"

"ಇವತ್ತ ನಸೀಕಲೆ ಎದ್ದು ಪಾನಕಾ ಹಾಕೀನಲ್ಲ, ದ್ವಾದಶಿ ಪಾರಣಿ."

"ಮತ್ತ ನಿನ್ನೆ?"

"ನಿನ್ನೆ ಏಕಾದಶಿ. ಆ ಇನ್ನೊಂದು ಬಾಟ್ಲ್ಯಾಗ ನೀ ಕುದಿಸಿಟ್ಟ ನೀರಿತ್ತಲ್ಲ, ಅದನ್ನಷ್ಟ ಕೊಟ್ಟೆ. ಈ ಮನ್ಯಾಗಿದ್ದವರಿಗೆ ಅವತ್ತ ಉಂಡು ರೂಢಿಲ್ಲ."

ಸಿಟ್ಟು ನೆತ್ತಿಗೇರಿತು. ಎರಡು ತಿಂಗಳ ಕೆಲಸ ಹೋಯಿತಲ್ಲ ಎಂದು ಅಳುವೂ ಬಂತು. ಅತ್ತೆಗೆ ಏನಾದರೂ ಅಂದುಬಿಡುತ್ತಿದ್ದೆ, ಆದರೆ ಅಷ್ಟರಲ್ಲಿ ಪಕ್ಕದ ಸಾಲಿನ ಮೇಲೆ ಕಣ್ಣು ಬಿತ್ತು. ಅದೇ ಉಪವಾಸ, ಅದೇ ಪಾರಣೆ ಕಂಡ ಹದಿನಾರರ ಟ್ಯೂಬುಗಳು ಏನೂ ಆಗಿಲ್ಲವೆಂಬಂತೆ ಗಟ್ಟಿಯಾಗಿ ಕದಡಿ ಕುಳಿತಿದ್ದವು. ಆರು ವರ್ಷ ಹುಡುಕಿದ ಫರಕು ಕನ್ನಡಕವಿಲ್ಲದೆಯೂ ಕಾಣುತ್ತಿತ್ತು. ಸುಭಿಕ್ಷದಲ್ಲಿ ಹೇಗೋ ಸುಧಾರಿಸಿಕೊಂಡು ಹೋಗುತ್ತಿದ್ದ ಹದಿನೇಳರವಕ್ಕೆ ಒಂದು ದಿನದ ಹಸಿವು ತಡೆದಿರಲಿಲ್ಲ. ಅತ್ತೆಯ ಕೈ ಹಿಡಿದು ಕುಣಿಯುವುದೊಂದು ಬಾಕಿ, ಅವರು ಮಡಿಯಲ್ಲಿದ್ದುದರಿಂದ ಅದೂ ಆಗಲಿಲ್ಲ.

ಮಾರ್ಗದರ್ಶಕರಿಗೆ ಫೋನು ಹಚ್ಚಿದೆ. ಅವರು ಸಮಾಧಾನವಾಗಿ ಎಲ್ಲ ಕೇಳಿ, "ಒಂದು ಸಲ ಆದದ್ದಕ್ಕ ಏನೂ ಕಿಮ್ಮತ್ತಿಲ್ರಿ. ಇನ್ನ ಮೂರು ಸಲ ಮಾಡಿ ನೋಡ್ರಿ. ಅದ ಕೈ, ಅದ ಕ್ರಮ. ಮೂರು ಸಲಾನೂ ಹಂಗ ಆತಂದ್ರ ಖರೇ ಅನ್ನೋಣು" ಎಂದರು. ಫೋನಿನ ದನಿ ದೊಡ್ಡದಿತ್ತು, ಅತ್ತೆಯೂ ಕೇಳಿಸಿಕೊಂಡರು. ನಾಳೆಯೇ ಶುರು ಮಾಡೋಣ ಎಂದರೆ ಅವರು ಒಪ್ಪಲಿಲ್ಲ. ಕಂಡಕಂಡ ದಿನ ಜೀವಿಗಳನ್ನು ಉಪವಾಸ ಕೆಡವಿದರೆ ಪಾಪ ಬರುತ್ತದಂತೆ; ಏಕಾದಶಿಯಾದರೆ ಪುಣ್ಯವಾದರೂ ಬಂದೀತು. ಇನ್ನೊಂದು ಕರಾರನ್ನೂ ಹಾಕಿದರು: "ಅವನ್ನ ಉಪವಾಸ ಹಾಕಿ ನೀ ಹೊರಗ ತಿರಗೂ ಹಂಗಿಲ್ಲ. ಮುಂಜಾನಿಂದ ಸಂಜೀತನಕ ಇಲ್ಲೇ ಬಾಜೂಕ ಕೂಡಬೇಕು. ಹೆಂಗೂ ನಿನಗ ಉಪವಾಸ ರೂಢಿ ಅದನಲ್ಲ."

ಇಲ್ಲ ಎನ್ನಲು ಬಾಯಿ ಎಲ್ಲಿತ್ತು? ವಿಜಯಪುರದ ಫ್ರೀಜರಿನಲ್ಲಿ ಕಾಪಿಟ್ಟಿದ್ದ ಹದಿನೇಳರವನ್ನು ತಂದು ಮತ್ತೆ ಬೆಳೆಸಿದೆ, ಪಂಚಾಂಗದಲ್ಲಿ ಮೂರು ತಾರೀಖಿಗೆ ಕೆಂಪು ಗುರುತು ಹಾಕಿದೆ. ಮೊದಲ ಏಕಾದಶಿಯಂದು ಹನ್ನೊಂದು ಗಂಟೆಗೆ ನನ್ನ ತಲೆ ಸಿಡಿಯತೊಡಗಿತು. ಒಂದೂವರೆಗೆ ಮಿರ್ಚಿಯ ವಾಸನೆ ಬಂದಂತಾಯಿತು, ಗಾಡಿ ಇದ್ದದ್ದು ಮೂರು ಓಣಿಯಾಚೆ. ಮೂರಕ್ಕೆ ಟ್ಯೂಬುಗಳ ಪಕ್ಕದಲ್ಲೇ ಚಾಪೆ ಹಾಸಿ ಉರುಳಿದೆ. ಎರಡನೆಯದರಲ್ಲಿ ಊಟದ ವೇಳೆಗೇ ಉರುಳಿದೆ. ಆದರೂ ಹಟ ಬಿಡಲಿಲ್ಲ, ಮೂರನೆಯದನ್ನೂ ಚಾಪೆಯ ಮೇಲೆ ಬಿದ್ದುಕೊಂಡೇ ಮುಗಿಸಿದೆ. ಅತ್ತೆ ಮೂರೂ ದಿನ ಟ್ಯೂಬಿಗೆ ನೀರು ಹಾಕಿ, ಅಂಗಳ ಸಾರಿಸಿ, ಸಾವಿರ ಬತ್ತಿ ಹೊಸೆದು, ನಡುನಡುವೆ ಬಂದು ನನ್ನನ್ನು ಬಗ್ಗಿ ನೋಡಿ ಹೋಗುತ್ತಿದ್ದರು.

ಮೂರು ಸಲವೂ ಫಲಿತಾಂಶ ಒಂದೇ. ಕೊನೆಯ ದ್ವಾದಶಿಯ ಸಂಜೆ ಮಾರ್ಗದರ್ಶಕರು ಫೋನಿನಲ್ಲಿ, "ಥೀಸಿಸ್ ಬರಿಯಾಕ ಕೂಡ್ರಿ ಮೇಡಂ" ಎಂದರು. ಓಡಿ ಬಂದು ಅತ್ತೆಗೆ ಹೇಳಿದೆ. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಛಲೋ ಆತು. ಆ ಹದಿನೇಳರವು ಪಾಪ, ಎಂದೂ ಉಪವಾಸ ಮಾಡಿದವಲ್ಲ, ಒಣಗಿದವು. ಅದು ತಿಳೀತದ. ಆದ್ರ ಹನ್ನೊಂದು ವರ್ಷ ತಪ್ಪದ ಏಕಾದಶಿ ಮಾಡಿದಾಕಿ ಮಧ್ಯಾಹ್ನಕ್ಕ ಯಾಕ ಚಾಪಿ ಹಿಡಿದ್ಲು?"

ನಾನು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

"ಮೊದಲನೇ ಸಲಕ್ಕ ನಾ ಏನೂ ಅನ್ಲಿಲ್ಲ ನೋಡು, ಒಂದು ಸಲ ಆದದ್ದಕ್ಕ ಕಿಮ್ಮತ್ತಿಲ್ಲ. ಮೂರು ಸಲಾನೂ ಹಂಗ ಆತು."