ಖೋಲಿಯ ಮಾತು ಖೋಲಿಯಲ್ಲೇ

ಇಲ್ಲಿ ಬರೆದವುಗಳಲ್ಲಿ ಮೊದಲನೆಯ ಪ್ರಸಂಗವನ್ನು ನನಗೆ ಹೇಳಿದವರು ನಮ್ಮ ಮಠದ ದಾಸೋಹದಲ್ಲಿ ಅಡುಗೆ ಮಾಡುವ ಅಕ್ಕನವರು. ರೊಟ್ಟಿ ಬಡಿಯುತ್ತ, "ಯಣ್ಣಾ, ಮೊನ್ನೆ ಮೈಕಿನ್ಯಾಗ ಒಬ್ಬ ಮುದುಕ ಏನು ಒದರಿದ ಗೊತ್ತೇನು?" ಎಂದು ಶುರು ಮಾಡಿದರು. ಪೂರ್ತಿ ಕೇಳಿದ ಮೇಲೆ ನಾನು, "ಅಕ್ಕಾರೇ, ಆ ಮುದುಕ ನಾನೇ" ಎಂದೆ.

"ಗೊತ್ತದ. ಅದಕ್ಕ ನಿಮಗ ಹೇಳಾಕತ್ತೀನಿ" ಎಂದರು.

ಇಂಥವು ನಮ್ಮಲ್ಲಿ ಸೋಮವಾರಕ್ಕೊಂದು ನಡೆಯುತ್ತಲೇ ಇರುತ್ತವೆ. ಮಾನ್ವಿ ಹತ್ತಿರದ ಮಠ ನಮ್ಮದು. ನಾವು ಅಜ್ಜಾರು ಎಂದು ಕರೆಯುವ ಸ್ವಾಮಿಗಳು ಅಲ್ಲೊಂದು ಖೋಲಿ ಬಿಡಿಸಿಕೊಟ್ಟಿದ್ದಾರೆ. ಮನಸ್ಸಿಗೆ ತ್ರಾಸಾದವರ ಮಾತು ಕೇಳಿ ದಾರಿ ತೋರಿಸಲು ಪ್ರತಿ ಸೋಮವಾರ ರಾಯಚೂರಿನಿಂದ ಒಬ್ಬ ಮೇಡಂ ಬಂದು ಕೂಡುತ್ತಾರೆ. ಅದನ್ನೇ ಓದಿದವರು, ಅದೇ ಅವರ ಉದ್ಯೋಗ. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಪಾಳಿ ನೋಡುವ ಸೇವೆ ನನ್ನದು. ಒಳಗಿನದು ನನಗೆ ಗೊತ್ತಿಲ್ಲ. ನಾನು ಬರೆಯುವುದೆಲ್ಲ ಬಾಗಿಲ ಈಚೆಯದು.

೧. ಮೈಕು

ನಮ್ಮ ಮಠಕ್ಕೆ ಐದು ಸೇರು ಜೋಳ ಕೊಟ್ಟರೂ ಕೊಟ್ಟವರ ಹೆಸರು, ಊರು ಮೈಕಿನಲ್ಲಿ ಹೇಳುವುದು ರೂಢಿ. ಮೊದಲ ಸೋಮವಾರ ಪಾಳಿ ಬಂದವರೊಬ್ಬರು ಕಾಣಲಿಲ್ಲ. ನಾನು ಮೈಕು ಹಿಡಿದು, ಅವರ ಹೆಸರು ಹೇಳಿ, "ಕವಿತಾಳದ ಭಕ್ತರು, ಮನಸ್ಸಿನ ತ್ರಾಸಿನವರು, ಎಲ್ಲಿದ್ದರೂ ಖೋಲಿಗೆ ಬರಬೇಕು" ಎಂದು ಮೂರು ಸಲ ಗಟ್ಟಿಯಾಗಿ ಕರೆದೆ. ಬೇವಿನ ಗಿಡದ ಕೆಳಗಿಂದ ಅವರು ಎದ್ದರು. ಖೋಲಿಗೆ ಬರುತ್ತಾರೆಂದುಕೊಂಡೆ. ಓಡಿದ್ದು ಬಸ್ಸಿನ ಕಡೆಗೆ.

ಮೇಡಂ ಹೊರಗೆ ಬಂದರು. "ಕಾಕಾ, ಇಲ್ಲಿ ಯಾರು ಬಂದ್ರು, ಏನಂದ್ರು ಅನ್ನೋದು ಹೊರಗ ಹೋಗಬಾರ್ದು. ಒಂದು ಮಾತು ಹೋದ್ರೂ ಮಂದಿ ಬರೋದು ಬಿಡ್ತಾರ. ಆಮ್ಯಾಲ ಈ ಖೋಲಿಗೆ ಕೀಲಿ ಹಾಕೋದೇ."

ತಪ್ಪು ನನ್ನದು, ತಿದ್ದಬೇಕಾದವನೂ ನಾನೇ. ಮತ್ತೆ ಮೈಕು ಹಿಡಿದು, "ಈಗ ಕರೆದ ಹೆಸರನ್ನು ಭಕ್ತಾದಿಗಳು ದಯವಿಟ್ಟು ಮರೆತುಬಿಡಬೇಕೆಂದು ವಿನಂತಿ" ಎಂದೆ. ಯಾವ ಹೆಸರು ಎಂದು ಯಾರಿಗೂ ಗೊಂದಲ ಆಗಬಾರದಲ್ಲ, ಅದನ್ನು ಇನ್ನೊಮ್ಮೆ ಹೇಳಿಯೇ ವಿನಂತಿಸಿದೆ.

೨. ರೊಟ್ಟಿಗಂಟು

ಕವಿತಾಳದವರ ಮನೆಗೆ ನಾನೇ ಹೋಗಿ ಕೈಮುಗಿದು ಬಂದೆ. ಹೆಸರು ಬಿಟ್ಟು ನಂಬರಿನ ಚೀಟಿ ಕೊಡತೊಡಗಿದೆ. ನಿಧಾನಕ್ಕೆ ಮಂದಿ ಬರುವುದು ಹೆಚ್ಚಾಯಿತು.

ಗುಂಜಹಳ್ಳಿಯ ಒಬ್ಬ ತಾಯಿ ನಾಲ್ಕು ವಾರ ಬಂದು ಹೋದ ಮೇಲೆ, ಐದನೆಯ ವಾರ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ತಂದು ಬಾಗಿಲಲ್ಲೇ ಮೇಡಂ ಮುಂದೆ ಹಿಡಿದರು. ಮೇಡಂ ಮುಟ್ಟಲಿಲ್ಲ. "ಯವ್ವಾ, ನಿಮ್ಮ ಪ್ರೀತಿ ದೊಡ್ಡದು. ಆದ್ರ ನಾನು ಇಲ್ಲಿ ಕೆಲಸಕ್ಕ ಬಂದೀನಿ. ಇಂಥಾದು ತಗೊಳ್ಳಂಗಿಲ್ಲ."

"ಹಂಗಾದ್ರ ವಾಪಸ್ ಒಯ್ಯಲೇನು? ಮಠಕ್ಕ ತಂದದ್ದು ಯಾರಾದ್ರೂ ಮನಿಗೆ ಒಯ್ತಾರೇನು?"

ಈ ಮಾತು ನನಗೂ ಸರಿ ಕಂಡಿತು. ದಾಸೋಹಕ್ಕೆ ಕೊಟ್ಟುಬಿಡಿ ಎಂದೆ. ಕೊಟ್ಟರು. ಮಧ್ಯಾಹ್ನ ಮೇಡಂ ಎಲ್ಲರ ಜೊತೆ ಪಂಕ್ತಿಯಲ್ಲಿ ಊಟಕ್ಕೆ ಕೂತರು. ಬಡಿಸಲು ಬಂದವರು ಯಾರೆಂದು ನೋಡಿದರೆ ಅದೇ ತಾಯಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಅದೇ ಸಜ್ಜೆ ರೊಟ್ಟಿ ಹಿಡಿದುಕೊಂಡು.

"ಮೇಡಂ, ಉಡುಗೊರೆ ಒಲ್ಲೆ ಅಂದ್ರಿ. ಈಗ ಪ್ರಸಾದ ಒಲ್ಲೆ ಅನ್ರಿ ನೋಡೂಣು!"

೩. ಸಂತೆಯಲ್ಲಿ ನಮಸ್ಕಾರ

ಮೇಡಂ ಅವರದು ಇನ್ನೊಂದು ನೇಮ. ಖೋಲಿಗೆ ಬಂದವರು ಹೊರಗೆಲ್ಲಾದರೂ ಎದುರಾದರೆ ತಾವಾಗಿ ಮಾತಾಡಿಸುವುದಿಲ್ಲ. ಅವರೇ ಮಾತಾಡಿಸಿದರೆ ಮಾತಾಡುತ್ತಾರೆ. "ಇವರಿಗೆ ಮೇಡಂ ಹೆಂಗ ಗೊತ್ತು?" ಎಂದು ಪಕ್ಕದಲ್ಲಿದ್ದವರು ಕೇಳಬಾರದಲ್ಲ, ಅದಕ್ಕೆ. ಒಳ್ಳೆಯ ನೇಮ. ಆದರೆ ಮಂದಿ ಅದನ್ನು ತಿರುಗಿಸಿ ಹಿಡಿದರು: ಮೇಡಂ ಯಾರನ್ನು ಮಾತಾಡಿಸುವುದಿಲ್ಲವೋ ಅವರೇ ಖೋಲಿಗೆ ಹೋದವರು!

ಈ ಮಾತು ಮೇಡಂ ಅವರ ತವರು ದೇವದುರ್ಗಕ್ಕೂ ಮುಟ್ಟಿತ್ತು. ಒಮ್ಮೆ ಅಲ್ಲಿಯ ಸಂತೆಯಲ್ಲಿ ನಾನೂ ಇದ್ದೆ. ನನಗೆ ನಮಸ್ಕಾರ ಹೇಳಿ ಅವರು ಮುಂದೆ ನಡೆದರು. ಮೆಣಸಿನಕಾಯಿ ವ್ಯಾಪಾರಿಯೊಬ್ಬ ಗಿರಾಕಿಗಳನ್ನು ಬಿಟ್ಟು ತಕ್ಕಡಿ ಹಿಡಿದುಕೊಂಡೇ ಅವರ ಹಿಂದೆ ಓಡಿದ.

"ಮೇಡಂ, ನನ್ನನ್ನ ಸ್ವಲ್ಪ ಮಾತಾಡಿಸಿ ಹೋಗ್ರಿ!"

"ನೀವು ಯಾರು? ನನಗ ಗುರ್ತಿಲ್ಲಲ್ಲ?"

"ಅದನ್ನ ಜರಾ ಜೋರಾಗಿ ಹೇಳ್ರಿ, ಮಗಳಿಗೆ ಗಂಡು ನೋಡಾಕತ್ತೀನಿ!"

೪. ಅಜ್ಜಾರ ಪಾಳಿ

ಖೋಲಿಗೆ ಕೀಲಿ ಬೀಳುವ ಹೊತ್ತು ನಿಜವಾಗಿಯೂ ಬಂತು. ಮಠದ ಕಮಿಟಿ ಅಧ್ಯಕ್ಷರು ಮಾನ್ವಿಯಲ್ಲಿ ಅಕ್ಕಿ ಗಿರಣಿ ಇರುವವರು. ಅವರ ಸೊಸೆ ಖೋಲಿಗೆ ಬರತೊಡಗಿದ್ದಳು. ಒಂದು ಸೋಮವಾರ ಅಧ್ಯಕ್ಷರು ಮೇಡಂ ಮುಂದೆ ನಿಂತು, "ನನ್ನ ಬಗ್ಗೆ ಏನು ಹೇಳಿದ್ಲು?" ಎಂದು ಕೇಳಿದರು.

"ಹೇಳಾಕ ಬರಂಗಿಲ್ರಿ" ಎಂದರು ಮೇಡಂ.

"ಖೋಲಿ ಮಠದ್ದು, ಮಠದ ಅಧ್ಯಕ್ಷ ನಾನು!"

"ಖೋಲಿ ನಿಮ್ಮದ್ರಿ. ಮಾತು ಅವರದು."

ಅಧ್ಯಕ್ಷರು ಆಗಲೇ ಅಜ್ಜಾರ ಮುಂದೆ ಕಮಿಟಿ ಕೂಡಿಸಿ, ಮೇಡಂ ಅವರನ್ನೂ ನನ್ನನ್ನೂ ಕರೆಸಿದರು. ಒಂದೋ ಮೇಡಂ ಹೇಳಬೇಕು, ಇಲ್ಲಾ ಖೋಲಿ ಮುಚ್ಚಬೇಕು ಎಂದರು. ಬಾಗಿಲ ಹೊರಗೆ ಅಂದಿನ ಪಾಳಿಯವರು ಚೀಟಿ ಹಿಡಿದು ನಿಂತಿದ್ದರು. ಇನ್ನು ಇವರು ಎಲ್ಲಿಗೆ ಹೋಗಬೇಕು ಎಂದು ನನಗೆ ಚಿಂತೆಯಾಯಿತು.

ಆಗ ಅಜ್ಜಾರು ನಕ್ಕರು. "ನಾನೂ ಈ ಮೇಡಂ ಕಡೆ ಹೋಗಿದ್ದೆ, ನನ್ನ ಸಲುವಾಗಿ" ಎಂದರು.

ಸದಸ್ಯರೆಲ್ಲ ಒಮ್ಮೆಲೇ ಮೇಡಂ ಕಡೆ ತಿರುಗಿದರು.

"ಅವರು ನನ್ನನ್ನ ತಗೊಳ್ಳಲಿಲ್ಲ. 'ನಿಮ್ಮ ನೆರಳಾಗ ಕುಂತು ನಿಮ್ಮ ಮನಸ್ಸಿನ ಮಾತು ಕೇಳೋದು ಸರಿ ಅಲ್ಲ, ಬ್ಯಾರೆಯವರ ಕಡೆ ಹೋಗ್ರಿ' ಅಂತ ರಾಯಚೂರಿನ ವಿಳಾಸ ಕೊಟ್ರು. ಹೋದೆ. ಅಲ್ಲಿ ಹೊರಗ ಕುಂತವರೆಲ್ಲ ಕಾವಿ ನೋಡಿ ಎದ್ದು ಕಾಲಿಗೆ ಬಿದ್ರು. ಒಬ್ಬಾಕಿ ತನ್ನ ಕಷ್ಟ ಹೇಳಿಕೊಂಡ್ಲು, ಕೇಳಿದೆ. ಇನ್ನೊಬ್ಬ ಹೇಳಿದ, ಅವನದೂ ಕೇಳಿದೆ. ಇಬ್ಬರೂ ಹಗುರಾತು ಅಂತ ಮನಿಗೆ ಹೋದ್ರು. ಮೂರನೆಯವ ಶುರು ಮಾಡೂದ್ರಾಗ ಪಾಳಿ ನೋಡಾಕಿ ಬಂದ್ಲು. 'ಅಜ್ಜಾರೇ, ನೀವು ತೋರಿಸ್ಕೊಳ್ಳಾಕ ಬಂದೀರೋ, ನಮ್ಮ ಮಂದೀನ ಕರಕೊಂಡು ಹೋಗಾಕ ಬಂದೀರೋ?' ಅಂದ್ಲು!"

ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ಮಾತ್ರ ಮುಂದೆ ಬಾಗಿ, "ಅಜ್ಜಾರೇ, ಒಳಗ ನೀವು ಏನು ಹೇಳಿದ್ರಿ?" ಎಂದರು.

"ಅದು ಒಳಗಿಂದು" ಎಂದರು ಅಜ್ಜಾರು. "ಅಲ್ಲೋ, 'ಸ್ವಾಮಿಗಳೇ ನನ್ನ ಕಡೆ ಬಂದಿದ್ರು' ಅಂತ ಈ ಮೇಡಂ ಒಂದು ಮಾತು ಅಂದಿದ್ರ ಈ ಸಭಾನೇ ಕೂಡ್ತಿರಲಿಲ್ಲ. ಖೋಲಿ ಹೋಗ್ತದ ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಇಂಥವರು ನಿನ್ನ ಸೊಸಿ ಮಾತು ಹೇಳ್ತಾರೇನು?"

ಅಧ್ಯಕ್ಷರು ಹಿಂದಕ್ಕೆ ಒರಗಿ ಕೂತರು. "ಆತ್ರಿ, ಖೋಲಿ ಇರಲಿ. ಆದ್ರ ಆಕಿ ನನ್ನ ಬಗ್ಗೆ ಏನಂದ್ಲು ಅಂತ ನನಗ ಎಂದೂ ತಿಳಿಯಂಗಿಲ್ಲೇನು?"

"ತಿಳೀತದ. ಒಂದು ದಾರಿ ಅದ."

"ಏನ್ರಿ ಅಜ್ಜಾರೇ?"

"ಮನಿಗೆ ಹೋಗು. ಸೊಸೀನ್ನ ಎದುರಿಗೆ ಕುಂದ್ರಿಸಿಕೊಂಡು ನೀನೇ ಕೇಳು."

ಅಧ್ಯಕ್ಷರು ಟವೆಲಿನಿಂದ ಮುಖ ಒರೆಸಿಕೊಂಡರು. "ಅಷ್ಟು ಧೈರ್ಯ ಇದ್ದಿದ್ರ ನಾನ್ಯಾಕ ಕಮಿಟಿ ಕೂಡಿಸ್ತಿದ್ದೆ ಅಜ್ಜಾರೇ!"

ಅಜ್ಜಾರು ತಮ್ಮ ಸಂಗತಿಯನ್ನು ಎಲ್ಲರಿಗೂ ಹೇಳಲು ಅಪ್ಪಣೆ ಕೊಟ್ಟಿದ್ದಾರೆ, ಅಧ್ಯಕ್ಷರೂ ಅವರ ಸೊಸೆಯೂ ಒಪ್ಪಿದ್ದಾರೆ. ಉಳಿದವರ ಊರುಗಳನ್ನು ನಾನು ಬದಲಿಸಿದ್ದೇನೆ. ಮನಸ್ಸಿನೊಳಗೇ ನುಂಗಿಕೊಂಡು ಕೂತವರು ನಿಮಗೆ ಯಾರಾದರೂ ಗೊತ್ತಿದ್ದರೆ, ಈ ಕೊನೆಯದನ್ನು ಅವರ ಮುಂದೆ ಹೇಳಿರಿ. ಸ್ವಾಮಿಗಳೇ ಪಾಳಿ ಹಿಡಿದಿದ್ದರಂತೆ ಎನ್ನಿರಿ.