ಮಾವ ಪರಿಚಯಿಸಿದ ನ್ಯೂಜಿಲೆಂಡು

ನ್ಯೂಜಿಲೆಂಡ್ ದೇಶದ ಬಗ್ಗೆ ನಿಮಗೇನಾದರೂ ತಿಳಿಯಬೇಕಿದ್ದರೆ ಅಲ್ಲಿ ಹುಟ್ಟಿ ಬೆಳೆದವರನ್ನು ಕೇಳಿ ಪ್ರಯೋಜನವಿಲ್ಲ. ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ನಮ್ಮೂರಿನ ಟಂಟಂ ಹತ್ತಿ ಬಂದು, ನಮ್ಮ ಮಾವನನ್ನು ಕೇಳಬೇಕು. ಅಲ್ಲಿಯ ಹವೆ, ಮಂದಿ, ಊಟ, ನಡತೆ ಎಲ್ಲವನ್ನೂ ಕಣ್ಣಾರೆ ಕಂಡವನಂತೆ ಹೇಳುತ್ತಾನೆ. ಆತ ಕಂಡ ಅತಿ ದೂರದ ಊರು ಹುಬ್ಬಳ್ಳಿ. ಅದೂ ಕಣ್ಣಿನ ಪೊರೆ ತೆಗೆಸಲು ಹೋಗಿದ್ದು. ಹೋಗುವಾಗ ಕಣ್ಣು ಮಂಜು, ಬರುವಾಗ ಕಣ್ಣಿಗೆ ಪಟ್ಟಿ. ಹೀಗಾಗಿ ಹುಬ್ಬಳ್ಳಿಯನ್ನೂ ಕಂಡಿದ್ದಾನೆ ಅಂತ ಹೇಳುವುದು ಕಷ್ಟವೇ!

ಏಕವಚನಕ್ಕೆ ಯಾರೂ ಬೇಸರ ಮಾಡಿಕೊಳ್ಳಬಾರದು. ನಮ್ಮ ಕಡೆ ದೇವರಿಗೂ ಸೋದರಮಾವನಿಗೂ ಏಕವಚನವೇ. ಇಬ್ಬರ ಮೇಲೂ ಸಲಿಗೆ ಜಾಸ್ತಿ, ಇಬ್ಬರೂ ತಿರುಗಿ ಬೈಯುವುದಿಲ್ಲ.

ಮಾವನಿಗೂ ಆ ದೇಶಕ್ಕೂ ಗಂಟು ಬಿದ್ದದ್ದು ಕುರಿಗಳಿಂದ. ಆತನ ಹತ್ತಿರ ಒಂದು ಹಿಂಡು ಕುರಿ ಇವೆ. ಮನೆಯಲ್ಲಿ ಕಂಬಳಿ ನೇಯುವ ಮಗ್ಗವಿದೆ. ಬಹಳ ವರ್ಷಗಳ ಹಿಂದೆ ಕುರಿಗಳಿಗೆ ಸೂಜಿ ಹಾಕಲು ಬಂದ ದನದ ಡಾಕ್ಟರು ಮಾತಿಗೆ ಮಾತು ಬಂದು, "ನ್ಯೂಜಿಲೆಂಡ್ ಅಂತ ಒಂದು ದೇಶ ಐತ್ರಿ, ಅಲ್ಲಿ ಮಂದಿಗಿಂತ ಕುರಿ ಹೆಚ್ಚು" ಅಂದರಂತೆ. ಮಾವ ಹಿಡಿದಿದ್ದ ಟಗರನ್ನು ಅಲ್ಲೇ ಬಿಟ್ಟ. ಅವತ್ತಿನಿಂದ ಆತನ ಪಾಲಿಗೆ ಅದು ಪುಣ್ಯಭೂಮಿ. "ಕುರಿ ಕಾಯೂ ಮಂದಿ ಸುಳ್ಳು ಹೇಳಂಗಿಲ್ಲ. ಹೇಳಿದರ ಯಾರಿಗೆ ಹೇಳಬೇಕು? ಎದುರಿಗೆ ಕುರಿ ಬಿಟ್ರ ಯಾರೂ ಇರಂಗಿಲ್ಲಲ್ಲ" ಎನ್ನುವುದು ಆತನ ಸಿದ್ಧಾಂತ. ಕ್ರಿಕೆಟ್ಟಿನಲ್ಲಿ ಆ ದೇಶದವರು ನಮ್ಮವರ ಎದುರು ಆಡಿದಾಗ ಮಾವ ಧರ್ಮಸಂಕಟಕ್ಕೆ ಬೀಳುತ್ತಿದ್ದ. ಕಡೆಗೆ ಒಂದು ಸಲ ಚಹಾದ ಅಂಗಡಿಯಲ್ಲಿ, ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಒಬ್ಬನೇ ಚಪ್ಪಾಳೆ ತಟ್ಟಿದ. ಒಂದು ತಿಂಗಳು ಆ ಅಂಗಡಿಯಲ್ಲಿ ಆತನಿಗೆ ಸಕ್ಕರೆ ಇಲ್ಲದ ಚಹಾವೇ ಸಿಕ್ಕಿತು.

ಇಂಥ ಮಾವನ ಅಕ್ಕನ ಮಗಳಾದ ನನಗೆ ಅದೇ ದೇಶದಲ್ಲಿ ನೌಕರಿ ಬಂದರೆ ಏನಾಗಬೇಡ? ನಾನು ಗಂಗಾವತಿಯ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ನ್ಯೂಜಿಲೆಂಡಿನ ಒಂದು ಊರಿನ ವೃದ್ಧಾಶ್ರಮದಿಂದ ಕರೆ ಬಂತು. ಮನೆಯಲ್ಲಿ ಅಣ್ಣ ಹೂಂ ಅಂದ, ಅತ್ತಿಗೆ ಹೂಂ ಅಂದಳು. ಅವ್ವ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಜೋಳ ಹಸನು ಮಾಡುತ್ತ ಕೂತಳು. ಉಹೂಂ ಅಂದರೆ ಜಗಳವಾಡಬಹುದಿತ್ತು. ಸುಮ್ಮನೆ ಕೂತವರ ಜೊತೆ ಯಾರು ಜಗಳವಾಡುತ್ತಾರೆ? ನನಗೋ ಭೂಮಿಯ ಆಚೆ ಮಗ್ಗುಲು ನೋಡುವ ಆಸೆ. ಆದರೆ ಅವ್ವನ ಬಾಯಿಂದ ಹೂಂ ಬರದೆ ನಾನು ಹೊಸ್ತಿಲು ದಾಟುವವಳಲ್ಲ. ಉತ್ತರ ಬರೆಯಲು ಅವರು ಕೊಟ್ಟದ್ದು ಎರಡೇ ವಾರ.

ಆಗ ಮಾವ ಮುಂದೆ ಬಂದ. "ಅಕ್ಕಗ ಆ ದೇಶ ಗೊತ್ತಿಲ್ಲ, ಅದಕ್ಕ ಅಂಜ್ಯಾಳ. ನಾ ಪರಿಚಯ ಮಾಡಿಸ್ತೀನಿ" ಅಂದ. ನೌಕರಿಯ ಕಾಗದದ ಜೊತೆ ಒಂದು ಪುಸ್ತಕವೂ ಬಂದಿತ್ತು. ಹೊಸದಾಗಿ ಬರುವವರಿಗೆ ಅಲ್ಲಿಯ ಹವಾಮಾನ, ಸಮಾಜ, ಜೀವನ ಹೇಗಿರುತ್ತದೆ ಅಂತ ತಿಳಿಸುವ ಇಂಗ್ಲಿಷ್ ಪುಸ್ತಕ. ನಾನು ಓದಿ ಕನ್ನಡದಲ್ಲಿ ಹೇಳಬೇಕು, ಮಾವ ಅದನ್ನು ಅವ್ವನಿಗೆ ಅರ್ಥ ಮಾಡಿಸಬೇಕು. ಕನ್ನಡದಿಂದ ಕನ್ನಡಕ್ಕೆ ಅರ್ಥ ಮಾಡಿಸುವುದು ಯಾಕೆ ಅಂತ ಕೇಳಬೇಡಿ, ನಾನೂ ಕೇಳಲಿಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಪಾಠ.

ಮೊದಲ ಪಾಠ ಹವಾಮಾನ. ಅಲ್ಲಿ ವರ್ಷವಿಡೀ ಮಳೆ ಬೀಳುತ್ತದೆ ಅಂತ ಓದಿದೆ. ಮಾವ ಬೆಚ್ಚಿಬಿದ್ದ.

"ವರ್ಷಪೂರ್ತಿ? ಯಾವ ಮಳಿ?"

"ಯಾವ ಮಳಿ ಅಂದ್ರ?"

"ರೋಣಿನೋ, ಮಿರಗಾನೋ, ಉತ್ತರಿನೋ? ನಕ್ಷತ್ರದ ಹೆಸರಿಲ್ಲದ ಮಳಿ ಯಾವ ಹೊಲಕ್ಕ ಬೀಳಬೇಕು ಅಂತ ಅದಕ್ಕ ಹ್ಯಾಂಗ ತಿಳೀಬೇಕು?"

ಮುಂದಿನ ಸಾಲು ಇನ್ನೂ ಕಷ್ಟದ್ದು. ಅಲ್ಲಿ ಒಂದೇ ದಿನದಲ್ಲಿ ನಾಲ್ಕೂ ಕಾಲ ಬಂದು ಹೋಗುವುದುಂಟು ಅಂತ ಬರೆದಿತ್ತು. ಅವ್ವ ಜೋಳದಿಂದ ಕಣ್ಣೆತ್ತಿ ತಮ್ಮನನ್ನು ನೋಡಿದಳು. ಮಾವ ಒಂದು ಗಳಿಗೆಯೂ ತಡಮಾಡಲಿಲ್ಲ. ಒಳಗೆ ಹೋಗಿ ತಾನೇ ನೇಯ್ದ ಕರಿ ಕಂಬಳಿ ತಂದು ನನ್ನ ಮುಂದೆ ಹಾಸಿದ. "ಮಳಿ ಬಂದ್ರ ತೆಲಿಗಿ ಕೊಪ್ಪಿ ಮಾಡಿ ಹಾಕ್ಕೊ, ಥಂಡಿ ಬಂದ್ರ ಹೊತ್ಕೋ, ಬಿಸಲು ಬಂದ್ರ ಹಾಸ್ಕೊಂಡು ಕೂಡು. ನಾಕನೇ ಕಾಲ ಯಾವುದೋ ಏನೋ, ಅದಕ್ಕೂ ಇದ ಆಕ್ಕೈತಿ." ಹವಾಮಾನದ ಪಾಠ ಅಲ್ಲಿಗೆ ಮುಗಿಯಿತು.

ಎರಡನೆಯದು ಸಮಾಜ. ಅಲ್ಲಿ ಯಾರ ಮನೆಗೆ ಹೋಗುವುದಿದ್ದರೂ ಮೊದಲು ಫೋನ್ ಮಾಡಿ ಕೇಳಬೇಕು ಅಂತ ಇತ್ತು. "ಛಲೋ ಪದ್ಧತಿ. ಮನಿಯವರಿಗೆ ಹಿತ್ತಲ ಬಾಗಲದಿಂದ ಹೋಗಾಕ ಟೈಮ್ ಸಿಗತೈತಿ" ಅಂದ ಮಾವ. ಬಸ್ಸಿನಿಂದ ಇಳಿಯುವಾಗ ಜನ ಡ್ರೈವರನಿಗೆ ಧನ್ಯವಾದ ಹೇಳುತ್ತಾರೆ ಅಂತಲೂ ಇತ್ತು. ಇದು ಮಾವನಿಗೆ ಎಷ್ಟು ಹಿಡಿಸಿತೆಂದರೆ, ಮರುದಿನ ಗಂಗಾವತಿ ಸಂತೆಗೆ ಹೋದವನು ಬಸ್ಸಿನಿಂದ ಇಳಿದು, ಮುಂದಿನಿಂದ ಸುತ್ತಿ ಬಂದು, ಡ್ರೈವರನ ಕಿಟಕಿಯ ಕೆಳಗೆ ನಿಂತು, "ಭಾಳ ಉಪಕಾರ ಆತ್ರಿ" ಅಂತ ಕೈಮುಗಿದ. ಡ್ರೈವರ್ ಇಂಜಿನ್ ಬಂದ್ ಮಾಡಿ ಕೆಳಗಿಳಿದ. "ಏನಾತ್ರೀ ಯಜಮಾನ್ರ? ಎಲ್ಲೆರೆ ಬ್ರೇಕ್ ಜೋರ ಹೊಡದ್ನೇನು? ತೆಲಿಗಿ ಬಡೀತೇನು? ಕಂಪ್ಲೇಂಟ್ ಕೊಡಬ್ಯಾಡ್ರಿ ಮತ್ತ" ಅಂತ ಮಾವನಿಗೇ ಚಹಾ ಕುಡಿಸಿ ಕಳಿಸಿದ. "ನೋಡಕ್ಕಾ, ಒಂದು ಮಾತಿಗೆ ಒಂದು ಚಹಾ. ಆ ದೇಶದಾಗ ದಿನಕ್ಕ ಎಷ್ಟು ಆಗಬಹುದು ಲೆಕ್ಕಾ ಹಾಕು" ಎಂದು ಬಂದು ವರದಿ ಒಪ್ಪಿಸಿದ.

ಮೂರನೆಯದು ಊಟೋಪಚಾರ. ಅಲ್ಲಿ ನಾಲ್ಕು ಜನ ಸೇರಿ ಉಣ್ಣುವಾಗ, ಕರೆಯುವವರು "ಬರುವಾಗ ಒಂದು ತಾಟು ತನ್ನಿ" ಅನ್ನುತ್ತಾರೆ ಅಂತ ಓದಿದೆ. ಮುಂದಿನ ಹಾಳೆ ತಿರುವಬೇಕು, ಮಾವ ಕೈ ಅಡ್ಡ ಹಿಡಿದ. "ಸಾಕು ಬಿಡು, ತಿಳೀತು. ನಮ್ಮಂಗ ಅದಾರ!" ನಮ್ಮ ಊರಲ್ಲಿ ದ್ಯಾವರ ಊಟಕ್ಕೋ ಮದುವೆ ಊಟಕ್ಕೋ ಡಂಗುರ ಸಾರಿದರೆ, ಮನೆಮನೆಯವರು ತಮ್ಮ ತಮ್ಮ ತಾಟು ತಂಬಿಗೆ ಹಿಡಿದೇ ಹೋಗುತ್ತಿದ್ದ ಕಾಲವೊಂದಿತ್ತು. ಉಂಡು ತೊಳೆದುಕೊಂಡು ವಾಪಸ್ ತರುವುದು. ಅವ್ವ ಮೊದಲ ಸಲ ಬಾಯಿ ಬಿಟ್ಟಳು. "ಹೌದೇನು? ಅಲ್ಲೂ ತಾಟು ಹಿಡಕೊಂಡ ಹೋಗತಾರೇನು?" ಎದ್ದು ಹೋಗಿ ನೆಲುವಿನ ಮೇಲಿಂದ ತನ್ನ ಹೆಸರು ಕೊರೆಸಿದ ಸ್ಟೀಲಿನ ತಾಟು ಇಳಿಸಿ, ಬೂದಿ ಹಚ್ಚಿ ತಿಕ್ಕಿದಳು. ಆ ಪುಸ್ತಕದ ಮುಂದಿನ ಹಾಳೆಯನ್ನು ಯಾರೂ ತಿರುವಲಿಲ್ಲ.

ತಾಟು ತಿಕ್ಕಿದಳೇ ಹೊರತು ಹೂಂ ಅನ್ನಲಿಲ್ಲ. ಉತ್ತರ ಬರೆಯಲು ಎರಡೇ ದಿನ ಉಳಿದಾಗ ಮಾವ ಸೋತವನಂತೆ ಕೇಳಿದ. "ಅಕ್ಕಾ, ಎಲ್ಲಾ ಹೇಳೀನಿ. ಇನ್ನೇನು ಬೇಕು ನಿನಗ?"

ಅವ್ವ ಮೊರದಲ್ಲಿನ ಕಾಳನ್ನು ಬೆರಳಿಂದ ಆಡಿಸುತ್ತ ಹೇಳಿದಳು. "ಎಲ್ಲಾ ಹೇಳ್ದಿ. ಅದು ಯಾವ ದಿಕ್ಕಿಗೆ ಐತಿ ಅಂತ ಹೇಳಲಿಲ್ಲ. ದೊಡ್ಡಾಕಿನ್ನ ಯಲಬುರ್ಗಾಕ್ಕ ಕೊಟ್ಟೀವಿ. ಆ ಕಡೆ ಮಾಡ ಕಟ್ಟಿದ್ರ, ನನ್ನ ಮಗಳ ಹೊಲಕ್ಕ ಮಳಿ ಆತು ಅಂತೀನಿ. ಇಕಿ ನೆನಪಾದಾಗ ಯಾವ ಕಡೆ ಮುಖಾ ಮಾಡ್ಲಿ?"

ನಾನು ಮೊಬೈಲಿನಲ್ಲಿ ನಕಾಶೆ ತೆಗೆದು ತೋರಿಸಿದೆ. "ಇಲ್ಲಿ ಕೆಳಗ ಐತೆವ್ವಾ."

"ಕೆಳಗ ಅಂದ್ರ ಪಾತಾಳ" ಅಂದಳು ಅವ್ವ.

ಮಾವ ಎದ್ದು ಹೋದ. ಹೋದದ್ದು ಹೈಸ್ಕೂಲಿಗೆ ಅಂತ ಆಮೇಲೆ ಗೊತ್ತಾಯಿತು. ಅಲ್ಲಿಯ ಮಾಸ್ತರರ ಕಾಲು ಹಿಡಿದು ಕಪಾಟಿನಿಂದ ಭೂಮಿಯ ಗೋಳ ಇಳಿಸಿ, ಕಂಬಳಿಯ ನೂಲಿನ ಒಂದು ತುದಿಯನ್ನು ನಮ್ಮೂರು ಇರಬೇಕಾದ ಜಾಗಕ್ಕೆ ಹಿಡಿದು, ಇನ್ನೊಂದು ತುದಿಯನ್ನು ಆ ದೇಶಕ್ಕೆ ಬಿಗಿಯಾಗಿ ಎಳೆದು ನೋಡಿದನಂತೆ. ಒಂದು ತಾಸು ಬಿಟ್ಟು ಬಂದವನು ಅಂಗಳದ ನಡುವೆ ನಿಂತು ಕೈ ಚಾಚಿದ.

"ಬಾಯಿಲ್ಲೆ ಅಕ್ಕಾ. ಆ ಬೇವಿನ ಗಿಡ ಕಾಣತೈತಿಲ್ಲೋ, ಅದರ ಎಡಕ್ಕ. ಆಗ್ನೇಯ ಮೂಲಿ. ಹಿಂಗ ಸೀದಾ ಹೋದ್ರ ಹೇಮಗುಡ್ಡ. ಅದನ್ನ ದಾಟಿದ್ರ ಹೊಳಿ. ಹೊಳಿ ದಾಟಿದ್ರ ಆಂಧ್ರ, ಮದ್ರಾಸು. ಆಮ್ಯಾಲ ಬರೇ ನೀರು. ನೀರು ಮುಗದಲ್ಲೆ ಇಕಿ."

ಅವ್ವ ದಿನಾ ಬೆಳಿಗ್ಗೆ ಮೈತೊಳೆದುಕೊಂಡು ಹೇಮಗುಡ್ಡದ ದುರ್ಗವ್ವನಿಗೆ ಕೈಮುಗಿಯುವುದು ಅದೇ ಬೇವಿನ ಗಿಡದ ಎಡಕ್ಕೆ. ಬಹಳ ಹೊತ್ತು ಆ ಕಡೆ ನೋಡಿದಳು. "ಹಂಗಾರ ದುರ್ಗವ್ವನ ಬೆನ್ನ ಹಿಂದ ಇರ್ತಾಳ" ಅಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಹೂಂ, ಹೋಗಿ ಬರಲಿ" ಅಂದಳು. ನಾನು ಗುಟ್ಟಾಗಿ ಮೊಬೈಲಿನಲ್ಲಿ ದಿಕ್ಕು ತೆಗೆದು ನೋಡಿದೆ. ಮಾವನ ಜೀವಮಾನದಲ್ಲಿ ಮೊದಲ ಸಲ ಆತ ಹೇಳಿದ್ದು ಸರಿಯಾಗಿತ್ತು.

ಉಳಿದ ಪಾಠಗಳ ಗತಿ ಏನಾಯಿತು ಅಂತ ಹೇಳಲೇಬೇಕು. ಆ ದೇಶದ ವಿಮಾನ ನಿಲ್ದಾಣದಲ್ಲಿ ಹೊರಗಿನ ಬೀಜ, ಮಣ್ಣು, ಹುಳ ಒಳಗೆ ಬರದಂತೆ ಚೀಲ ಬಿಚ್ಚಿ ನೋಡುತ್ತಾರೆ. ಮಾವನ ಕಂಬಳಿ ಹೊರಗೆ ಬಂತು. ಕುಷ್ಟಗಿಯ ಹೊಲಗಳಲ್ಲಿ ಅಡ್ಡಾಡಿದ ಕಂಬಳಿ ಅದು, ಅಂಚಿನ ತುಂಬ ಉತ್ತರಾಣಿ ಬೀಜ. ಇಬ್ಬರು ಅಧಿಕಾರಿಗಳು ಕೈಗವಸು ತೊಟ್ಟು, ಚಿಮಟ ಹಿಡಿದು, ಒಂದೊಂದೇ ಬೀಜ ಕಿತ್ತು ಡಬ್ಬಿಗೆ ಹಾಕಿ, ಕಂಬಳಿ ಮಡಿಸಿ ಕೊಟ್ಟರು. ನನಗೆ ಅವಮಾನವಾಗಿ ನೆಲ ಬಿರಿಯಬಾರದೇ ಅನ್ನಿಸಿತು. ಫೋನಿನಲ್ಲಿ ಕೇಳಿದ ಮಾವನಿಗೆ ಮಾತ್ರ ಬಹಳ ಸಂತೋಷ. "ಸರ್ಕಾರದ ಮಂದಿ ಕೂತು ಕಳೆ ತಗದ್ರೇನು? ನಮ್ಮ ಹೊಲಕ್ಕ ಪಗಾರ ಕೊಟ್ರೂ ಆಳ ಬರವಲ್ರು."

ತಾಟಿನ ಕತೆ ಇನ್ನೊಂದು. ಮೊದಲ ತಿಂಗಳಲ್ಲೇ ವೃದ್ಧಾಶ್ರಮದ ಸಿಬ್ಬಂದಿಯ ಊಟ ಇತ್ತು. ಕರೆದವಳು "ಒಂದು ತಾಟು ತಾ" ಅಂದಳು. ನಾನು ಹೆಮ್ಮೆಯಿಂದ ಅವ್ವನ ತಾಟು ಹಿಡಿದು ಹೋದೆ. ಹೋಗಿ ನೋಡಿದರೆ ಎಲ್ಲರ ತಾಟಿನಲ್ಲೂ ಅವರವರು ಮಾಡಿ ತಂದ ಅಡುಗೆ! ತಾಟು ತಾ ಅಂದರೆ ಅಡುಗೆ ಮಾಡಿ ತಾ ಅಂತ ಅರ್ಥ. ಅದು ಯಾರೂ ತಿರುವದ ಆ ಹಾಳೆಯಲ್ಲಿತ್ತು. ಮೇಜಿನ ಮೇಲೆ ಕೇಕು, ಕೋಳಿ, ಆಲೂಗಡ್ಡೆಗಳ ನಡುವೆ ಫಳಫಳ ಹೊಳೆಯುವ ನನ್ನ ಖಾಲಿ ತಾಟು. ಅಲ್ಲಿದ್ದ ಒಬ್ಬ ಮುದುಕಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಎಲ್ಲದರಲ್ಲೂ ಒಂದೊಂದು ಚೂರು ಎತ್ತಿ ನನ್ನ ತಾಟಿಗೆ ಹಾಕಿಕೊಟ್ಟಳು. ಅವತ್ತು ಮಾವನನ್ನು ಬೈಯಲೆಂದೇ ಫೋನ್ ಮಾಡಿದೆ. ಆತ ಶಾಂತವಾಗಿ ಕೇಳಿದ. "ತುಂಬಿಸಿಕೊಂಡು ಹೋದವರ ತಾಟು ಏನಾದ್ವು?"

"ಖಾಲಿ ಆದ್ವು."

"ನಿಂದು?"

"ತುಂಬಿ ಬಂತು."

"ಮತ್ಯಾಕ ಅಳಾಕತ್ತಿ?"

ಎರಡು ವರ್ಷ ಕಳೆದು ರಜೆಗೆ ಊರಿಗೆ ಬಂದೆ. ಅಷ್ಟರಲ್ಲಿ ಮಾವ ಸುತ್ತಲ ಹಳ್ಳಿಗೆಲ್ಲ ಪ್ರಸಿದ್ಧನಾಗಿದ್ದ. ಕುಕನೂರಿನಿಂದ ಕುವೈತಿಗೆ ಹೊರಟ ಒಬ್ಬ ದರ್ಜಿಯನ್ನೂ ಕರೆದು ಹವಾಮಾನ ಹೇಳಿ, ಕಂಬಳಿ ಕೊಟ್ಟು ಕಳಿಸಿದ್ದನಂತೆ. ಆ ಬಡಪಾಯಿ ಅದನ್ನು ಅಲ್ಲಿ ಏನು ಮಾಡಿದನೋ ದೇವರಿಗೇ ಗೊತ್ತು.

ತಿರುಗಿ ಹೊರಡುವ ದಿನ ಕುಷ್ಟಗಿ ಬಸ್ ಸ್ಟ್ಯಾಂಡಿನವರೆಗೆ ಮಾವ ಬಂದ. ಚೀಲ ಮೇಲಿಟ್ಟು, ಕೆಳಗಿಳಿದು, ಕಿಟಕಿಯ ಹತ್ತಿರ ನಿಂತ. ಟವೆಲ್ಲು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ. ಬಸ್ಸು ಶುರುವಾದ ಮೇಲೆ ಕೇಳಿದ.

"ಯವ್ವಾ, ಅಲ್ಲಿ ನಿಂತು ನೋಡಿದ್ರ ನಾವು ಯಾವ ದಿಕ್ಕಿಗೆ ಆಕ್ಕೀವಿ?"

"ಯಾಕ ಮಾವಾ?"

"ನಿಮ್ಮವ್ವ ಕೇಳಂದಿದ್ಲು."

ನನಗೆ ಗೊತ್ತಿರಲಿಲ್ಲ. ಹೋಗಿ ನೋಡಿ ಹೇಳುತ್ತೇನೆ ಅಂದೆ. ಅಲ್ಲಿಗೆ ಹೋದ ಮೇಲೆ ಊರಿನ ಗ್ರಂಥಾಲಯದ ಭೂಮಿಯ ಗೋಳದ ಮೇಲೆ, ಯಾರೂ ನೋಡದ ಹಾಗೆ, ನೂಲು ಹಿಡಿದು ಎಳೆದೆ. ನೂಲು ನೆಟ್ಟಗೆ ಪಶ್ಚಿಮಕ್ಕೆ ಹೊರಟಿತು. ಅವತ್ತೇ ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ನೀ ಕೇಳಿದ್ದಿ ಅಲ್ಲ, ಇಲ್ಲಿಂದ ನಮ್ಮೂರು ಯಾವ ಕಡೆ ಅಂತ?"

"ನಾ ಯಾವಾಗ ಕೇಳೀನಿ?" ಅಂದಳು ಅವ್ವ. "ನನಗ ನೀ ಯಾವ ಕಡೆ ಅದಿ ಅಂತ ಗೊತ್ತಾದ್ರ ಸಾಕಾಗಿತ್ತು. ಅದು ಅವನೇ ಕೇಳಿರಬೇಕು ನೋಡು. ನೀ ಹೋದಾಗಿಂದ ಫೋನ್ ಬಂತೇನು, ಫೋನ್ ಬಂತೇನು ಅಂತ ದಿನಾ ನಾಕ ಸಲ ಬಂದು ಹೋಗ್ಯಾನ."

ಹಿಂದಿನಿಂದ ಮಾವನ ದನಿ ಕೇಳಿಸಿತು. "ಏನಂದ್ಲು? ಯಾವ ಕಡೆ ಅಂತ?"

ಇಷ್ಟು ದಿನ ಆತನ ಮೇಲೆ ಕತೆ ಕಟ್ಟಿ ಗೆಳತಿಯರನ್ನು ನಗಿಸಿದವಳು ನಾನು. ಫೋನು ಮಾವನ ಕೈಗೆ ಕೊಡು ಅಂದೆ.

"ಪಡುವಲಕ್ಕ, ಮಾವಾ. ಹೊತ್ತು ಮುಣಗೂ ಕಡೆ. ನಾ ದಿನಾ ಸಂಜಿಕೆ ಆ ಕಡೆ ನೋಡ್ತೀನಿ."

"ಹೌದಾ?" ಅಂದ ಮಾವ. ಆತನ ದನಿ ಸಣ್ಣದಾಯಿತು. "ಹಂಗಾರ ಛಲೋ ಆತು ಬಿಡವಾ."

ಅವತ್ತಿನ ತನಕ ನಾನು ಒಂದು ದಿನವೂ ಆ ಕಡೆ ನೋಡಿರಲಿಲ್ಲ.